ಬಿಮಾ ಯಾ ಸಫಾರಿ

ಮೊನ್ನೆ ಭಾನುವಾರ ಬೆಳಿಗ್ಗೆ ಇನ್ನೂ ಚಾ ಕೂಡ ಕುಡಿದಿರಲಿಲ್ಲ, ಹುಬ್ಬಳ್ಳಿ ಕಾಲೇಜಿನಲ್ಲಿ ನನಗೆ ಜೂನಿಯರ್ ಆಗಿದ್ದ ಹುಡುಗನ ಫೋನ್ ಬಂತು. ಅವನಿಗೂ ನೈರೋಬಿ ಪ್ರಾಜೆಕ್ಟ್ ಗಂಟು ಬಿದ್ದಿದೆಯಂತೆ.

“ಅಣ್ಣಾ, ಹತ್ತು ತಿಂಗಳ ಮಟ್ಟಿಗೆ ಬರಾಕತ್ತೀನಿ. ಟ್ರಾವೆಲ್ ಇನ್ಶೂರೆನ್ಸ್ ಯಾವುದು ಛಲೋ? ಒಂದ ಮಾತಿನ್ಯಾಗ ಹೇಳಿಬಿಡ್ರಿ, ಈಗ ಆನ್‌ಲೈನ್ ತಗೊಂಡ ಬಿಡ್ತೀನಿ.”

ಒಂದೇ ಮಾತಿನಲ್ಲಿ ಮುಗಿಯೋ ವಿಷಯ ಆಗಿದ್ದಿದ್ರೆ 2024ರ ಏಪ್ರಿಲ್‌ನ ಆ ರಾತ್ರಿ ನಾನು ಆಸ್ಪತ್ರೆಯ ಕೌಂಟರ್ ಮುಂದೆ ನಿಂತು ಒಂದೇ ಟೋಲ್ ಫ್ರೀ ನಂಬರಿಗೆ ಹದಿನಾಲ್ಕು ಸಲ ಡಯಲ್ ಮಾಡ್ತಾ ಇರ್ತಿರಲಿಲ್ಲ. “ಸಂಜಿಗೆ ಹೇಳ್ತೀನಿ ತಮ್ಮಾ” ಅಂತ ಫೋನ್ ಇಟ್ಟೆ. ಸಂಜೆಗೆ ನಾಲ್ಕು ಪಾಯಿಂಟ್ ಬರೆದಿಟ್ಟುಕೊಳ್ಳೋಣ ಅಂತ ಕೂತವನು ಇಷ್ಟುದ್ದ ಬರೆದಿದ್ದೇನೆ. ನಿಮ್ಮ ಮನೆಯಿಂದಲೂ ಯಾರಾದ್ರೂ ದೂರದ ಊರಿಗೆ ಕೆಲಸಕ್ಕೆ ಹೊರಟಿದ್ರೆ ಅವರ ಕಿವಿಗೂ ಹಾಕಿ.

*

ಮೊದಲು ತಲೆಬರಹದ ಕಥೆ. ನಾನು ಬಂದ ಹೊಸದರಲ್ಲಿ ವೆಸ್ಟ್‌ಲ್ಯಾಂಡ್ಸ್‌ನ ಬಸ್ ಸ್ಟಾಪಿನ ಹತ್ತಿರ ಒಂದು ಬೋರ್ಡ್ ನೋಡಿ ನಿಂತುಬಿಟ್ಟಿದ್ದೆ. ಇಂಗ್ಲಿಷ್ ಅಕ್ಷರದಲ್ಲಿ “ಬಿಮಾ” ಅಂತ ಬರೆದಿತ್ತು. ನಮ್ಮ ಕಡೆಯವರೇ ಯಾರೋ ಅಂಗಡಿ ಇಟ್ಟಿರಬೇಕು ಅಂದುಕೊಂಡೆ. ಅಲ್ಲ, ಅದು ಸ್ವಾಹಿಲಿ! ಇಲ್ಲಿ ವಿಮೆಗೆ ಬಿಮಾ ಅಂತಾರೆ. ಆರೋಗ್ಯ ವಿಮೆ ಅಂದ್ರೆ ‘ಬಿಮಾ ಯಾ ಆಫ್ಯಾ’. ಅಂಗಡಿಗೆ ‘ದುಕಾ’, ಗಾಡಿಗೆ ‘ಗಾರಿ’, ಚಹಾಕ್ಕೆ ‘ಚಾಯ್’, ಔಷಧಿಗೆ ‘ದಾವಾ’. ಆಸ್ಪತ್ರೆಗೆ ದವಾಖಾನಿ ಅನ್ನೋ ನಮ್ಮ ಗದಗಿನವರಿಗೆ ಇದೆಲ್ಲ ಕಲಿಯೋಕೆ ಟ್ಯೂಷನ್ ಬೇಕಾ ಹೇಳಿ? ಅರಬ್ಬೀ ಸಮುದ್ರದ ಮೇಲೆ ಶತಮಾನಗಳ ಕಾಲ ಓಡಾಡಿದ ಹಡಗುಗಳು ಬರೀ ಬಟ್ಟೆ, ಮಸಾಲೆ ಅಷ್ಟೇ ಸಾಗಿಸಲಿಲ್ಲ, ಮಾತನ್ನೂ ಸಾಗಿಸಿದವು.

ಇನ್ನು ‘ಸಫಾರಿ’. ನಮಗೆ ಸಫಾರಿ ಅಂದ್ರೆ ಬನ್ನೇರುಘಟ್ಟದಲ್ಲಿ ಜೀಪಿನ ಕಿಟಕಿಯಿಂದ ಹುಲಿ ನೋಡೋದು. ಇಲ್ಲಿ ಅದರ ಅರ್ಥ ಬರೀ ‘ಪ್ರಯಾಣ’. ಆಫೀಸಿನಿಂದ ಮನೆಗೆ ಹೊರಟವನಿಗೂ ‘ಸಫಾರಿ ನ್‌ಜೆಮಾ’, ಅಂದ್ರೆ ಸುಖವಾಗಿ ಹೋಗಿ ಬಾ ಅಂತಾರೆ. ಹಾಗಾಗಿ ಬಿಮಾ ಯಾ ಸಫಾರಿ ಅಂದ್ರೆ ಪ್ರಯಾಣ ವಿಮೆ. ಸಿಂಹಕ್ಕೂ ಅದಕ್ಕೂ ಸಂಬಂಧ ಇಲ್ಲ. (ಸಿಂಹದ ವಿಷಯ ಆಮೇಲೆ ಬರುತ್ತೆ, ತಾಳಿ.)

*

2023ರ ಡಿಸೆಂಬರ್‌ನಲ್ಲಿ ನನ್ನ ಹೆಸರು ಪ್ರಾಜೆಕ್ಟಿಗೆ ಫೈನಲ್ ಆಯ್ತು. ಹನ್ನೊಂದು ತಿಂಗಳು. ಇನ್ಶೂರೆನ್ಸ್ ನೀವೇ ತಗೊಳ್ಳಿ, ರಸೀದಿ ಕೊಟ್ರೆ ದುಡ್ಡು ವಾಪಸ್ ಕೊಡ್ತೀವಿ ಅಂತ ಕಂಪನಿಯವರು ಹೇಳಿದರು. ಎಂಜಿನಿಯರ್ ಏನು ಮಾಡ್ತಾನೆ? ಎಕ್ಸೆಲ್ ಶೀಟ್ ತೆಗೀತಾನೆ. ಎಂಟು ಪಾಲಿಸಿ, ಹನ್ನೆರಡು ಕಾಲಂ. ಪ್ರೀಮಿಯಂ ಎಷ್ಟು, ವಿಮೆಯ ಮೊತ್ತ ಎಷ್ಟು ಡಾಲರ್, ಬ್ಯಾಗ್ ಕಳೆದ್ರೆ ಎಷ್ಟು, ವಿಮಾನ ತಡವಾದ್ರೆ ಎಷ್ಟು, ಪಾಸ್‌ಪೋರ್ಟ್ ಕಳೆದ್ರೆ ಎಷ್ಟು... ಒಳ್ಳೇದಕ್ಕೆ ಹಸಿರು, ಕೆಟ್ಟದ್ದಕ್ಕೆ ಕೆಂಪು ಬಣ್ಣ. ಅಮೆರಿಕ, ಕೆನಡಾ ಬಿಟ್ಟು ಉಳಿದ ಪ್ರಪಂಚಕ್ಕೆ ಪ್ರೀಮಿಯಂ ಕಡಿಮೆ ಅನ್ನೋದು ಗೊತ್ತಾಗಿ ಇನ್ನೂ ಖುಷಿ. ಕೊನೆಗೆ ಒಂದು ಲಕ್ಷ ಡಾಲರ್ ಪಾಲಿಸಿ ಗೆದ್ದಿತು. ಆ ಶೀಟನ್ನು ಫ್ರೇಮ್ ಹಾಕಿಸಿ ಗೋಡೆಗೆ ತೂಗು ಹಾಕಬೇಕು ಅನ್ನುವಷ್ಟು ಚೆನ್ನಾಗಿತ್ತು.

ಸಂಕ್ರಾಂತಿಗೆ ಮುಂಚೆ ಊರಿಗೆ ಹೋದಾಗ ಅಪ್ಪನಿಗೆ ತೋರಿಸಿದೆ. ಅಪ್ಪ ಪೋಸ್ಟ್ ಆಫೀಸಿನಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿ ರಿಟೈರ್ ಆದವರು. ಅಂಚೆ ಜೀವ ವಿಮೆ ಈ ದೇಶದಲ್ಲಿ 1884ರಿಂದ ಇದೆ, ಎಲ್‌ಐಸಿ ಹುಟ್ಟಿದ್ದೇ 1956ರಲ್ಲಿ, ಹಾಗಾಗಿ ವಿಮೆಯ ವಿಷಯದಲ್ಲಿ ನಾವೇ ಹಿರಿಯರು ಅನ್ನೋದು ಅಪ್ಪನ ಮಾತು. ಅವರು ಎಕ್ಸೆಲ್ ಶೀಟ್ ಕಡೆ ನೋಡಲೂ ಇಲ್ಲ.

“ಪಾಲಿಸಿ ಕಾಗದ ಎಲ್ಲಿ?”

“ಪಿಡಿಎಫ್ ಐತಪ್ಪಾ, ನಲವತ್ತೆರಡು ಪೇಜು.”

“ಪ್ರಿಂಟ್ ತಗೊಂಡ ಬಾ.”

ಬಸ್ ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ತಂದೆ. ಅಪ್ಪ ಕನ್ನಡಕ ಏರಿಸಿ, ಕೆಂಪು ಪೆನ್ನು ಹಿಡಿದು, ಕೊನೆಯ ಪುಟದಿಂದ ಓದೋಕೆ ಶುರು ಮಾಡಿದರು. ಯಾಕೆ ಹಿಂದಿನಿಂದ ಅಂದ್ರೆ ಅದಕ್ಕೊಂದು ಹಳೆಯ ಕಥೆ. ನಾನು ಚಿಕ್ಕವನಿದ್ದಾಗ ನಮ್ಮ ಓಣಿಯ ಒಬ್ಬ ಅಜ್ಜಿ, ತೀರಿಕೊಂಡ ಗಂಡನ ಪಾಲಿಸಿ ಹಿಡ್ಕೊಂಡು ಅಪ್ಪನ ಹತ್ತಿರ ಬಂದಿದ್ದರು. ಇಪ್ಪತ್ತು ವರ್ಷ ಒಂದು ಕಂತೂ ತಪ್ಪಿಸದೆ ಕಟ್ಟಿದ ಮನುಷ್ಯ ನಾಮಿನಿ ಕಾಲಂ ಖಾಲಿ ಬಿಟ್ಟಿದ್ದ. ಅಜ್ಜಿ ವಾರಸುದಾರಿಕೆ ಪತ್ರಕ್ಕೆ ಅಂತ ಒಂದೂವರೆ ವರ್ಷ ಕೋರ್ಟಿಗೆ ಅಲೆದರು. ಅವತ್ತಿನಿಂದ ಅಪ್ಪನದು ಒಂದೇ ನಿಯಮ.

“ಮುಂದಿನ ಹಾಳಿ ಅವರು ಮಾರಾಕ ಬರದಿದ್ದು. ಹಿಂದಿನ ಹಾಳಿ ಕೊಡೂ ಹೊತ್ತಿಗೆ ಓದಾಕ ಬರದಿದ್ದು. ಎಷ್ಟ ರೊಕ್ಕ ಕೊಡ್ತಾರ ಅಂತ ನೋಡಬ್ಯಾಡ, ಯಾವಾಗ ಕೊಡೂದಿಲ್ಲ ಅದನ್ನ ನೋಡು.”

ಅರ್ಧ ಗಂಟೆಯಾದ ಮೇಲೆ ಮೊದಲ ಪ್ರಶ್ನೆ ಬಂತು. “ಇದರಾಗ 180 ದಿನ ಅಂತ ಐತಿ. ನೀ ಹೊಂಟಿದ್ದು ಹನ್ನೊಂದು ತಿಂಗಳಿಗೆ. ಉಳದ ಐದು ತಿಂಗಳ ಯಾರು?”

“ಎಕ್ಸ್‌ಟೆಂಡ್ ಮಾಡಿಸಬಹುದು ಅಪ್ಪಾ, ಆನ್‌ಲೈನ್ ಆಗ್ತದ.”

“ಆವಾಗ ನಿನಗ ಜಡ್ಡಾಗಿತ್ತಂದ್ರ?”

ನನ್ನ ಹನ್ನೆರಡು ಕಾಲಂಗಳಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ನಮ್ಮಲ್ಲಿ ಮಾರುವ ಪ್ರಯಾಣ ವಿಮೆಗಳು ಸಾಮಾನ್ಯವಾಗಿ ಒಂದು ಪ್ರಯಾಣಕ್ಕೆ 180 ದಿನ. ಆಮೇಲೆ ವಿಸ್ತರಿಸಬಹುದು, ಆದರೆ ಮುಗಿಯುವ ಮುಂಚೆಯೇ ಕೇಳಬೇಕು, ಆರೋಗ್ಯ ಸರಿ ಇದೆ ಅಂತ ಬರೆದುಕೊಡಬೇಕು, ಕ್ಲೇಮ್ ಮಾಡಿದ್ದರೆ ಅದನ್ನೂ ಹೇಳಬೇಕು. ಒಪ್ಪೋದು ಬಿಡೋದು ಅವರ ಕೈಯಲ್ಲಿ. ‘ವರ್ಷಪೂರ್ತಿ’ ಅಂತ ಇನ್ನೊಂದು ಥರದ ಪಾಲಿಸಿ ಸಿಗುತ್ತೆ, ಹೆಸರು ನೋಡಿ ಮೋಸ ಹೋಗಬೇಡಿ. ಅದು ವರ್ಷದಲ್ಲಿ ಹತ್ತು ಸಲ ಹೋಗಿ ಬರುವವರಿಗೆ. ಒಂದೊಂದು ಪ್ರಯಾಣಕ್ಕೆ ಮೂವತ್ತೋ ನಲವತ್ತೈದೋ ಅರವತ್ತೋ ದಿನದ ಮಿತಿ ಇರುತ್ತೆ.

ಅಪ್ಪ ಒಂದು ಪುಟದಲ್ಲಿ ಒಂದು ಸಾಲಿಗೆ ಕೆಂಪು ಗೆರೆ ಎಳೆದರು. ಅಡಿಗೆ ಮನೆ ಕಡೆ ಒಮ್ಮೆ ನೋಡಿದರು. ಆಮೇಲೆ ಆ ಹಾಳೆಯನ್ನು ಒಳಕ್ಕೆ ಮಡಚಿ ನನ್ನ ಕೈಗೆ ಕೊಟ್ಟರು. ಏನೂ ಹೇಳಲಿಲ್ಲ. ರೂಮಿಗೆ ಹೋಗಿ ಬಿಚ್ಚಿ ನೋಡಿದೆ. ವಿಮೆದಾರ ತೀರಿಕೊಂಡರೆ ಪಾರ್ಥಿವ ಶರೀರವನ್ನು ಸ್ವದೇಶಕ್ಕೆ ತರುವ ಖರ್ಚು, ಇಷ್ಟು ಡಾಲರ್‌ವರೆಗೆ. ಕೆಳಗೆ ಅಂಚಿನಲ್ಲಿ ಅಪ್ಪ ತಮ್ಮ ದುಂಡು ಅಕ್ಷರದಲ್ಲಿ ಒಂದು ಫೋನ್ ನಂಬರ್ ಬರೆದಿದ್ದರು, ಮುಂದೆ ಪ್ಲಸ್ 91 ಸೇರಿಸಿ. ಪಾಲಿಸಿಯ ಎಲ್ಲೋ ಸಣ್ಣ ಅಕ್ಷರದಲ್ಲಿದ್ದ ನಂಬರ್ ಅದು. ಅದನ್ನು ಯಾಕೆ ಬರೆದರು ಅಂತ ಆಗ ಕೇಳಲಿಲ್ಲ.

ಅವ್ವನ ಕೇಳಿಕೆ ಮಾತ್ರ ಬೇರೆ ಇತ್ತು. “ಅಲ್ಲೆ ದವಾಖಾನಿ ಅದಾವಿಲ್ಲೋ?” ಅದಾವ ಅಂದೆ. “ಮತ್ತ ಯಾಕ ಇಷ್ಟ ಹಾಳಿ ಓದಾಕತ್ತೀರಿ ಇಬ್ಬರೂ?”

*

ದವಾಖಾನೆಗಳಿಗೇನು ಕೊರತೆ ಇಲ್ಲ. ಆಗಾ ಖಾನ್, ನೈರೋಬಿ ಹಾಸ್ಪಿಟಲ್, ಇಲ್ಲಿನ ಭಾರತೀಯ ಸಮುದಾಯ ಕಟ್ಟಿದ ಎಂ.ಪಿ. ಶಾ, ಎಲ್ಲ ದೊಡ್ಡ ಆಸ್ಪತ್ರೆಗಳೇ. ಪೂರ್ವ ಆಫ್ರಿಕಾದ ಬೇರೆ ದೇಶಗಳಿಂದಲೂ ಚಿಕಿತ್ಸೆಗೆ ಇಲ್ಲಿಗೇ ಬರ್ತಾರೆ. ನೈರೋಬಿಯೂ ಸಮುದ್ರ ಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿರೋ ತಣ್ಣಗಿನ ಊರು, ನಮ್ಮ ಮುಳ್ಳಯ್ಯನಗಿರಿಗಿಂತ ಸ್ವಲ್ಪವೇ ಕಡಿಮೆ. ಈ ಎತ್ತರದಿಂದಾಗಿ ಊರೊಳಗೆ ಮಲೇರಿಯಾ ಅಪರೂಪ. ಆದರೆ ಕರಾವಳಿಗೋ, ವಿಕ್ಟೋರಿಯಾ ಸರೋವರದ ಕಡೆಗೋ ಇಳಿದರೆ ಲೆಕ್ಕ ಬೇರೆ.

ನಾನು ಇಳಿದೆ. 2024ರ ಈಸ್ಟರ್ ರಜೆಯಲ್ಲಿ ಆಫೀಸಿನ ನಾಲ್ಕು ಜನ ಸೇರಿ ರೈಲಿನಲ್ಲಿ ಮೊಂಬಾಸಾಕ್ಕೆ ಹೋದೆವು. ಸಮುದ್ರ, ತೆಂಗಿನ ಮರ, ಬಿಸಿಲು, ಥೇಟ್ ಕಾರವಾರ. ಸೊಳ್ಳೆ ಪರದೆ ಕಟ್ಟಿಕೊಂಡು ಯಾರು ಮಲಗ್ತಾರೆ, ಮಲೇರಿಯಾ ಮಾತ್ರೆ ಯಾರು ನುಂಗ್ತಾರೆ ಅಂತ ಗಂಡಸ್ತನ ತೋರಿಸಿದ್ದಾಯ್ತು. ವಾಪಸ್ ಬಂದು ಹತ್ತು ದಿನಕ್ಕೆ ಚಳಿ ಜ್ವರ. ಆ ಏಪ್ರಿಲ್‌ನಲ್ಲಿ ನೈರೋಬಿಯಲ್ಲಿ ಜೋರು ಮಳೆ, ಎಲ್ಲರಿಗೂ ನೆಗಡಿ. ನನಗೂ ಅದೇ ಅಂತ ಎರಡು ದಿನ ಪ್ಯಾರಾಸಿಟಮಾಲ್ ನುಂಗಿ ಕೂತೆ. ಇದೊಂದನ್ನು ಮಾತ್ರ ನೀವು ಮಾಡಬೇಡಿ. ಇಲ್ಲಿನ ಮಲೇರಿಯಾದಲ್ಲಿ ಹೆಚ್ಚಿನದು ಫಾಲ್ಸಿಪ್ಯಾರಂ ಜಾತಿಯದು. ಅದು ಕಾಯೋದಿಲ್ಲ. ಜ್ವರ ಬಂದ ದಿನವೇ ರಕ್ತ ಪರೀಕ್ಷೆ ಮಾಡಿಸಬೇಕು.

ಮೂರನೇ ರಾತ್ರಿ ಪಕ್ಕದ ಸೀಟಿನ ಕೀನ್ಯಾದ ಗೆಳೆಯ ಊಟ ಕೊಡೋಕೆ ಅಂತ ಬಂದವನು ನನ್ನ ಮುಖ ನೋಡಿ ಸೀದಾ ಟ್ಯಾಕ್ಸಿ ಕರೆದ. ಒಂದು ಖಾಸಗಿ ಆಸ್ಪತ್ರೆ. ರಕ್ತ ನೋಡಿದ ಡಾಕ್ಟರ್, ಅಡ್ಮಿಟ್ ಆಗಬೇಕು, ಆರ್ಟಿಸುನೇಟ್ ಇಂಜೆಕ್ಷನ್ ಶುರು ಮಾಡ್ತೀವಿ ಅಂದರು. ಕೌಂಟರಿನ ಹುಡುಗಿ ಮೃದುವಾಗಿ “ಪೋಲೆ ಸಾನಾ” ಅಂದಳು. ಕಷ್ಟದಲ್ಲಿ ಇರೋರಿಗೆ ಇಲ್ಲಿ ಎಲ್ಲರೂ ಹೇಳೋ ಮಾತು, ಅಯ್ಯೋ ಪಾಪ ಅನ್ನೋ ಹಾಗೆ. ಆಮೇಲೆ ಅಷ್ಟೇ ಮೃದುವಾಗಿ, ಡಿಪಾಸಿಟ್ 80,000 ಶಿಲಿಂಗ್ ಅಂದಳು.

ನಾನು ಹೆಮ್ಮೆಯಿಂದ ಫೋನಿನಲ್ಲಿದ್ದ ಇನ್ಶೂರೆನ್ಸ್ ಕಾರ್ಡ್ ತೋರಿಸಿದೆ. ಒಂದು ಲಕ್ಷ ಡಾಲರ್! ಅವಳು ನೋಡಿ, ನಮ್ಮ ಪಟ್ಟಿಯಲ್ಲಿ ಈ ಹೆಸರಿಲ್ಲ, ಅವರಿಗೆ ಫೋನ್ ಮಾಡಿಸಿ ಅಂದಳು. ಕಾರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಇದ್ದಿದ್ದು 1800ರಿಂದ ಶುರುವಾಗೋ ನಂಬರ್. ಭಾರತದ ಟೋಲ್ ಫ್ರೀ ನಂಬರ್ ಕೀನ್ಯಾದಿಂದ ಹೋಗುತ್ತಾ? ಹೋಗಲಿಲ್ಲ. ಹದಿನಾಲ್ಕು ಸಲ. ವಿದೇಶಕ್ಕೆ ಹೋಗುವವರ ಕಾರ್ಡಿನಲ್ಲಿ ಊರಿಂದ ಮಾತ್ರ ಹತ್ತುವ ನಂಬರು!

ಆಗ ನೆನಪಾಗಿದ್ದು ಅಪ್ಪ ಮಡಚಿ ಕೊಟ್ಟ ಹಾಳೆ. ಪಾಸ್‌ಪೋರ್ಟ್ ಕವರಿನಲ್ಲಿ ಹಾಗೇ ಇತ್ತು. ಆ ನಂಬರಿಗೆ ಹಚ್ಚಿದರೆ ಎರಡನೇ ರಿಂಗಿಗೇ ಎತ್ತಿದರು. ಒಳ್ಳೆಯ ಹುಡುಗ, ಕೇಸ್ ನಂಬರ್ ಕೊಟ್ಟ, ಎಲ್ಲಾ ಬರಕೊಂಡ. ಆದರೆ ಆಸ್ಪತ್ರೆ ಜೊತೆ ಮಾತಾಡಿ ಖಾತರಿ ಪತ್ರ ಕಳಿಸೋಕೆ ನಾಳೆಯವರೆಗೆ ಸಮಯ ಬೇಕು ಅಂದ. ನಾಳೆ! ನನಗೆ ನಿಂತುಕೊಳ್ಳೋಕೇ ಆಗ್ತಿರಲಿಲ್ಲ. ಅಂತರಾಷ್ಟ್ರೀಯ ಕಾರ್ಡ್ ಸ್ವೈಪ್ ಮಾಡಿದರೆ ಬ್ಯಾಂಕು ಒಪ್ಪಲಿಲ್ಲ, ಒಟಿಪಿ ಹೋಗಿದ್ದು ಬೆಂಗಳೂರಿನ ಸಿಮ್‌ಗೆ, ಆ ಸಿಮ್ ಮನೆಯ ಡ್ರಾಯರ್‌ನಲ್ಲಿ.

ಗೆಳೆಯ ಮಾತಾಡದೆ ತನ್ನ ಫೋನ್ ತೆಗೆದ. ಎಂ-ಪೆಸಾದಲ್ಲಿ ಅವನ ಹತ್ತಿರ ಇದ್ದಿದ್ದು ಮೂವತ್ತು ಸಾವಿರ ಶಿಲಿಂಗ್. ಆಫೀಸಿನ ವಾಟ್ಸಪ್ ಗುಂಪಿಗೆ ಒಂದು ಸಾಲು ಬರೆದ. ಇಪ್ಪತ್ತು ನಿಮಿಷ. ಐದು ಸಾವಿರ, ಎರಡು ಸಾವಿರ, ಐನೂರು... ಟಿಂಗ್ ಟಿಂಗ್ ಅಂತ ಮೆಸೇಜು. ಎಂಬತ್ತು ಸಾವಿರ ಆಯ್ತು. ಐನೂರು ಕಳಿಸಿದ್ದು ನಮ್ಮ ಆಫೀಸಿನಲ್ಲಿ ಚಹಾ ಕೊಡುವ ಅಮ್ಮ ಅಂತ ನನಗೆ ಗೊತ್ತಾಗಿದ್ದು ಡಿಸ್ಚಾರ್ಜ್ ಆದ ಮೇಲೆ.

ಇದಕ್ಕೆ ಇಲ್ಲಿ ‘ಹರಾಂಬೀ’ ಅಂತಾರೆ. ಎಲ್ಲರೂ ಸೇರಿ ಎಳೆಯೋಣ ಅಂತ ಅರ್ಥ. ದೇಶದ ಲಾಂಛನದ ಮೇಲೂ ಅದೇ ಪದ. ಶಾಲೆ ಕಟ್ಟಲಿಕ್ಕೆ, ಆಸ್ಪತ್ರೆ ಬಿಲ್ಲಿಗೆ, ಮಣ್ಣಿಗೆ, ಎಲ್ಲಕ್ಕೂ ಹರಾಂಬೀ. 2007ರಲ್ಲಿ ಎಂ-ಪೆಸಾ ಬಂದ ಮೇಲೆ ಅದು ಬೆರಳ ತುದಿಗೆ ಬಂದಿದೆ, ಅಷ್ಟೇ. ಯಾವ ಹಾಳೆಯ ಮೇಲೂ ಬರೆಯದ ಬಿಮಾ ಇದು. ಅದನ್ನು ನಾನು ಕಂತು ಕಟ್ಟದೆ ಪಡೆದೆ.

ಮೂರು ದಿನ ಆಸ್ಪತ್ರೆಯಲ್ಲಿದ್ದೆ. ಬಿಲ್ 1,46,000 ಶಿಲಿಂಗ್, ಆಗಿನ ಲೆಕ್ಕದಲ್ಲಿ ನಮ್ಮ ತೊಂಬತ್ತು ಸಾವಿರ ರೂಪಾಯಿಗಿಂತ ಸ್ವಲ್ಪ ಜಾಸ್ತಿ. ಖಾತರಿ ಪತ್ರ ಬರಲೇ ಇಲ್ಲ. ಎಲ್ಲ ರಸೀದಿ ಸ್ಕ್ಯಾನ್ ಮಾಡಿ ಕಳಿಸಿದ ಮೇಲೆ ಎಪ್ಪತ್ತೊಂದನೇ ದಿನಕ್ಕೆ ದುಡ್ಡು ಬಂತು, ನೂರು ಡಾಲರ್ ಹಿಡಿದುಕೊಂಡು. ಮೊದಲ ನೂರು ಡಾಲರ್ ನಮ್ಮದೇ ಅಂತ ಹಿಂದಿನ ಪುಟದಲ್ಲಿ ಬರೆದಿತ್ತಲ್ಲ, ತಕರಾರಿಲ್ಲ. ಆದ್ರೆ ಒಂದು ಮಾತು. ಆ ರಾತ್ರಿ ನನಗೆ ಒಂದು ಲಕ್ಷ ಡಾಲರ್ ಬೇಕಾಗಿರಲಿಲ್ಲ. ಬೇಕಾಗಿದ್ದಿದ್ದು ಆರುನೂರು ಡಾಲರ್, ಮತ್ತು ಫೋನ್ ಎತ್ತುವ ಒಬ್ಬ ಮನುಷ್ಯ.

*

ಅಪ್ಪನ ಎರಡನೇ ಪ್ರಶ್ನೆಗೆ ಉತ್ತರ ಜುಲೈಯಲ್ಲಿ ಸಿಕ್ಕಿತು. ಜನವರಿ 14ಕ್ಕೆ ಶುರುವಾದ ಪಾಲಿಸಿ ಜುಲೈ 11ಕ್ಕೆ ಮುಗೀತಿತ್ತು. ಎರಡು ವಾರ ಮುಂಚೆಯೇ ವಿಸ್ತರಣೆಗೆ ಅರ್ಜಿ ಹಾಕಿದೆ. ಕ್ಲೇಮ್ ಮಾಡಿದ್ದೀರಾ ಅನ್ನೋ ಕಾಲಂನಲ್ಲಿ ಹೌದು ಅಂತ ಬರೆದೆ, ಸುಳ್ಳು ಹೇಳೋ ಹಾಗಿಲ್ಲವಲ್ಲ. ‘ಪರಿಶೀಲನೆಯಲ್ಲಿದೆ’ ಅಂತ ಬಂತು. 11ರ ರಾತ್ರಿಯೂ ಪರಿಶೀಲನೆಯಲ್ಲೇ ಇತ್ತು. 12ಕ್ಕೆ ‘ವಿಷಾದಿಸುತ್ತೇವೆ’. ಹೊಸ ಪಾಲಿಸಿ ತಗೊಳ್ಳೋಣ ಅಂದ್ರೆ, ನಾನು ನೋಡಿದ ಪಾಲಿಸಿಗಳಲ್ಲೆಲ್ಲ ಪ್ರಯಾಣ ಭಾರತದಿಂದ ಶುರುವಾಗಬೇಕು ಅನ್ನೋ ಷರತ್ತು. ನಾನು ಇಲ್ಲೇ ಇದ್ದೀನಲ್ಲ!

ಹಾಗೆ ಇಪ್ಪತ್ತು ದಿನ ವಿಮೆ ಇಲ್ಲದೆ ಬದುಕಿದೆ. ಕೋಟಿಗಟ್ಟಲೆ ಜನ ಜೀವನಪೂರ್ತಿ ಹಾಗೇ ಬದುಕ್ತಾರೆ, ನಿಜ. ಆದರೆ ಹೆಗಲ ಮೇಲಿನ ಟವೆಲ್ ಜಾರಿದ್ದು ಗೊತ್ತಾಗೋದು ಅದು ಇಲ್ಲದಾಗಲೇ. ಬೋಡಾ ಬೋಡಾ, ಅಂದ್ರೆ ಇಲ್ಲಿನ ಬೈಕ್ ಟ್ಯಾಕ್ಸಿ, ಹತ್ತೋದು ಬಿಟ್ಟೆ. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದೆ. ಊರಲ್ಲಿ ಬೇರೆ ಗಲಾಟೆ. ಹೊಸ ತೆರಿಗೆ ವಿರುದ್ಧ ಯುವಕರು ಬೀದಿಗಿಳಿದು, ಜೂನ್ 25ರಂದು ಸಂಸತ್ತಿನೊಳಗೇ ನುಗ್ಗಿದ್ದರು. ಜುಲೈಯಲ್ಲೂ ಮಂಗಳವಾರ ಬಂತಂದ್ರೆ ಪ್ರತಿಭಟನೆ, ನಾವು ಮನೆಯಿಂದಲೇ ಕೆಲಸ. ಆ ದಿನಗಳಲ್ಲಿ ಮುಗಿದುಹೋದ ಪಾಲಿಸಿಯನ್ನೇ ಮತ್ತೆ ಓದಿದೆ. ಯುದ್ಧ, ದಂಗೆ, ಕುಡಿದು ಮಾಡಿಕೊಂಡ ಅಪಘಾತ, ಮೊದಲೇ ಇದ್ದ ಕಾಯಿಲೆ, ಎಲ್ಲ ಹೊರಗೆ. ಇದ್ದಿದ್ದರೂ ಅದು ಅಷ್ಟೆಲ್ಲ ಕಾಯ್ತಿರಲಿಲ್ಲ ಅಂತ ಸಮಾಧಾನ ಮಾಡಿಕೊಂಡೆ.

ಒಂದು ಶನಿವಾರ, ಎಲ್ಲೂ ದೂರ ಹೋಗೋ ಧೈರ್ಯ ಇಲ್ಲದೆ, ಊರೊಳಗಿನ ರೈಲ್ವೆ ಮ್ಯೂಸಿಯಂಗೆ ಹೋದೆ. ಸಿಂಹದ ವಿಷಯ ಹೇಳ್ತೀನಿ ಅಂದಿದ್ದೆನಲ್ಲ, ಇಲ್ಲಿದೆ. 1900ರಲ್ಲಿ ರೈಲ್ವೆ ಪೊಲೀಸ್ ಅಧಿಕಾರಿ ಚಾರ್ಲ್ಸ್ ರೈಯಲ್, ಮನುಷ್ಯರನ್ನು ತಿನ್ನೋ ಸಿಂಹವನ್ನು ಹೊಡೆಯಲು ಕೀಮಾ ಸ್ಟೇಷನ್ನಿನಲ್ಲಿ ಬೋಗಿಯೊಳಗೆ ಕಾದು ಕೂತಿದ್ದರಂತೆ. ನಿದ್ದೆ ಹತ್ತಿತು. ಸಿಂಹವೇ ಬೋಗಿಗೆ ಬಂದು ಎಳೆದುಕೊಂಡು ಹೋಯಿತು. ಆ ಬೋಗಿ ಈಗಲೂ ಮ್ಯೂಸಿಯಂನಲ್ಲಿದೆ. ಇದು ಯಾವ ಕಲಮಿನಲ್ಲಿ ಬರುತ್ತೆ, ಅಪಘಾತವೋ ಅಪಾಯಕಾರಿ ಕ್ರೀಡೆಯೋ ಅಂತ ನಗು ಬಂತು.

ಆಮೇಲೆ ನಗು ನಿಂತಿತು. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ಈ ರೈಲು ಹಾಕಲು ನಮ್ಮ ದೇಶದಿಂದ ಸುಮಾರು 32,000 ಕೂಲಿಗಳನ್ನು ಕರೆತಂದಿದ್ದರು, ಹೆಚ್ಚಿನವರು ಪಂಜಾಬಿನವರು. ಮೂರು ವರ್ಷದ ಕರಾರು, ತಿಂಗಳಿಗೆ ಹದಿನೈದು ರೂಪಾಯಿ. ಅವರಲ್ಲಿ ಸುಮಾರು 2,500 ಜನ ಸತ್ತರು. ಹಳಿಯ ಉದ್ದಕ್ಕೆ ಲೆಕ್ಕ ಹಾಕಿದರೆ ಮೈಲಿಗೆ ನಾಲ್ಕು. ಸಿಂಹ ತಿಂದದ್ದು ಕಥೆಯಾಯಿತು, ಆದರೆ ಹೆಚ್ಚಿನವರನ್ನು ತಿಂದದ್ದು ಮಲೇರಿಯಾ, ಭೇದಿಯಂಥ ಕಾಯಿಲೆಗಳು. ಆರು ಸಾವಿರಕ್ಕೂ ಹೆಚ್ಚು ಜನ ಕೆಲಸಕ್ಕೆ ಬಾರದಂತಾಗಿ ವಾಪಸ್ ಹೋದರು. ಬದುಕಿದವರಿಗೆ ಕರಾರಿನಲ್ಲಿ ಊರಿಗೆ ಹಡಗಿನ ಖರ್ಚು ಬರೆದಿತ್ತು. ಸತ್ತವರಿಗೆ ಹಳಿಯ ಪಕ್ಕದ ಮಣ್ಣೇ. ಯಾವುದೋ ಹಳ್ಳಿಯಲ್ಲಿ ಒಬ್ಬ ತಾಯಿ ಎಷ್ಟು ವರ್ಷ ಬಾಗಿಲ ಕಡೆ ನೋಡಿರಬಹುದು?

ಅಪ್ಪ ಕೆಂಪು ಗೆರೆ ಎಳೆದ ಸಾಲು ಆವತ್ತು ನನಗೆ ಅರ್ಥವಾಯಿತು. ಅದು ದುಡ್ಡಿನ ಸಾಲಾಗಿರಲಿಲ್ಲ.

*

ಆಗಸ್ಟ್‌ನಿಂದ ಇಲ್ಲಿನ ಸ್ಥಳೀಯ ಕಂಪನಿಯೊಂದರ ಆರೋಗ್ಯ ವಿಮೆಗೆ ನನ್ನನ್ನು ಸೇರಿಸಿದರು. ಕಾರ್ಡ್ ತೋರಿಸಿದರೆ ಆಸ್ಪತ್ರೆಯವರು ದುಡ್ಡು ಕೇಳೋದಿಲ್ಲ, ಬರೀ ನೆಗಡಿಗೂ ಹೋಗಬಹುದು. ಪ್ರಾಜೆಕ್ಟ್ ಬೆಳೆದು ನಾನು ಇಲ್ಲಿಯ ಸಂಬಳಕ್ಕೇ ಬಂದೆ. ಈಗ ಸಂಬಳದಲ್ಲಿ ಶೇ. 2.75 ಸರ್ಕಾರಿ ಆರೋಗ್ಯ ನಿಧಿಗೆ ಹೋಗುತ್ತೆ. 2024ರ ಅಕ್ಟೋಬರ್‌ನಲ್ಲಿ ಹಳೆಯ ಎನ್‌ಎಚ್‌ಐಎಫ್ ಬದಲಿಗೆ ಬಂದ ವ್ಯವಸ್ಥೆ ಅದು. ಅದನ್ನು ತಂದ 2023ರ ಕಾಯ್ದೆಯಲ್ಲೇ, ಹನ್ನೆರಡು ತಿಂಗಳಿಗಿಂತ ಕಡಿಮೆ ಅವಧಿಗೆ ಬರುವ ವಿದೇಶೀಯರ ಹತ್ತಿರ ಪ್ರಯಾಣ ಆರೋಗ್ಯ ವಿಮೆ ಇರಬೇಕು ಅಂತಲೂ ಇದೆ.

ಸಂಜೆ ಹುಡುಗನಿಗೆ ಫೋನ್ ಮಾಡಿದಾಗ ಹೇಳಿದ್ದು ಇಷ್ಟು.

ಪ್ರಯಾಣ ವಿಮೆ ಅನ್ನೋದು ತುರ್ತಿಗೆ ಮಾತ್ರ. ನಿನ್ನನ್ನು ವಿಮಾನ ಹತ್ತುವಷ್ಟು ಸರಿ ಮಾಡಿ ಊರಿಗೆ ಕಳಿಸೋದು ಅದರ ಕೆಲಸ. ಮುಂದಿನ ಚಿಕಿತ್ಸೆ ಊರಲ್ಲಿ. ಅದಕ್ಕೇ ಊರಿನ ಆರೋಗ್ಯ ವಿಮೆಯನ್ನು, ಹೇಗೂ ವಿದೇಶದಲ್ಲಿದ್ದೀನಲ್ಲ ಅಂತ ನಿಲ್ಲಿಸಬೇಡ. ನಿಲ್ಲಿಸಿದರೆ ಹಳೆಯ ಕಾಯಿಲೆಗಳ ಕಾಯುವ ಅವಧಿ ಮತ್ತೆ ಮೊದಲಿನಿಂದ ಶುರುವಾಗುತ್ತೆ.

ಹತ್ತು ತಿಂಗಳಿಗೆ ಬರುವವನು ಆರು ತಿಂಗಳ ಪಾಲಿಸಿ ಮೇಲೆ ಬರಬೇಡ. ಹೊರಡೋಕೆ ಮುಂಚೆಯೇ ಕಂಪನಿಯವರ ಹತ್ತಿರ ಇಲ್ಲಿನ ಸ್ಥಳೀಯ ವಿಮೆಯನ್ನೋ, ವರ್ಷವರ್ಷ ನವೀಕರಿಸೋ ಅಂತರಾಷ್ಟ್ರೀಯ ಆರೋಗ್ಯ ವಿಮೆಯನ್ನೋ ಕೇಳು. ಕೇಳೋಕೆ ನಾಚಿಕೆ ಬೇಡ. ಮೊದಲ ಕೆಲವು ವಾರಕ್ಕೆ ಬೇಕಾದರೆ ಪ್ರಯಾಣ ವಿಮೆ ಇರಲಿ.

ಮೊತ್ತ ನೋಡೋಕೆ ಮುಂಚೆ ನೈರೋಬಿಯ ಯಾವ ಆಸ್ಪತ್ರೆ ಆ ಕಾರ್ಡ್ ಒಪ್ಪುತ್ತೆ ಅಂತ ಬರಹದಲ್ಲಿ ಕೇಳು. ಅವರ ನಂಬರಿಗೆ ಇಲ್ಲಿ ಇಳಿದ ದಿನವೇ ಒಂದು ಸಲ ಫೋನ್ ಮಾಡಿ ನೋಡು.

ಊರು ಬಿಟ್ಟು ಕಾಡು, ಸರೋವರ ಸುತ್ತೋ ಹುಚ್ಚಿದ್ರೆ, ವಿಲ್ಸನ್ ಏರ್‌ಪೋರ್ಟಿನಲ್ಲಿ ಆಮ್ರೆಫ್‌ನ ಹಾರುವ ಡಾಕ್ಟರುಗಳಿದ್ದಾರೆ. 1957ರಲ್ಲಿ ಶುರುವಾದ ಸಂಸ್ಥೆ. ವರ್ಷದ ಸದಸ್ಯತ್ವಕ್ಕೆ ‘ಮೈಶಾ’ ಅಂತ ಹೆಸರು, ಬದುಕು ಅಂತ ಅರ್ಥ. ವಿಮಾನ ತಂದು ನಿನ್ನನ್ನು ಎತ್ತಿಕೊಂಡು ಬರ್ತಾರೆ. ಆಸ್ಪತ್ರೆ ಬಿಲ್ ಬೇರೆ, ನೆನಪಿರಲಿ.

ಹಳದಿ ಜ್ವರದ ಲಸಿಕೆ ಊರಲ್ಲೇ ಹಾಕಿಸಿಕೊಂಡು ಹಳದಿ ಪುಸ್ತಕ ಜೋಪಾನವಾಗಿಡು. ಅದು ವಾಪಸ್ ಹೋಗುವಾಗ ನಮ್ಮವರೇ ಕೇಳೋದು. ಇಲ್ಲದಿದ್ರೆ ಆರು ದಿನದವರೆಗೆ ಪ್ರತ್ಯೇಕವಾಗಿ ಕೂರಿಸಬಹುದು.

ಕೊನೆಯದು. ಪಾಲಿಸಿಯ ಫೋಟೋ ಪಕ್ಕದ ಸೀಟಿನವನ ಫೋನಿನಲ್ಲಿ ಇರಲಿ. ನಿನಗೆ ಮಾತಾಡೋಕೆ ಆಗದ ಹೊತ್ತಿಗೆ ಅಲ್ವಾ ಅದು ಬೇಕಾಗೋದು?

“ಅಣ್ಣಾ, ಒಂದ ಮಾತಿನ್ಯಾಗ ಹೇಳ್ರಿ ಅಂದಿದ್ನಿ” ಅಂತ ನಕ್ಕ. ಹಾಗಾದ್ರೆ ಒಂದೇ ಮಾತು: ಹಿಂದಿನ ಹಾಳಿ ಮೊದಲು ಓದು.

*

ಇದನ್ನೆಲ್ಲ ಬರೆದು ಮುಗಿಸಿ ರಾತ್ರಿ ಊರಿಗೆ ಫೋನ್ ಮಾಡಿದೆ. ಅಲ್ಲಿ ನಮಗಿಂತ ಎರಡೂವರೆ ಗಂಟೆ ಮುಂದೆ, ಅಪ್ಪ ಮಲಗಿಬಿಟ್ಟಿದ್ದರು. ಅವ್ವ ಎತ್ತಿದರು. ಹುಡುಗನ ವಿಷಯ, ಪಾಲಿಸಿ ವಿಷಯ ಹೇಳ್ತಾ ಹೇಳ್ತಾ, ಇಷ್ಟು ದಿನ ಆಯ್ತಲ್ಲ ಅಂತ, ಅಪ್ಪ ಮಡಚಿ ಕೊಟ್ಟ ಹಾಳೆಯ ಕಥೆಯನ್ನೂ ಬಾಯಿ ಬಿಟ್ಟೆ.

“ನನಗ ಗೊತ್ತೈತಿ” ಅಂದರು ಅವ್ವ. “ನಿನ್ನ ಬ್ಯಾಗ್ ತುಂಬಾಗ ಪಾಸ್‌ಪೋರ್ಟ್ ಚೀಲದಾಗ ಇತ್ತಲ್ಲ, ಬಿಚ್ಚಿ ನೋಡಿದ್ನಿ. ಇಂಗ್ಲಿಷ್‌ನ್ಯಾಗ ಇತ್ತು. ಪಕ್ಕದ ಮನಿ ಹುಡುಗಿ ಕಡೆ ಓದಿಸಿದ್ನಿ.”

ನನಗೆ ಮಾತೇ ಹೊರಡಲಿಲ್ಲ. ಎರಡು ವರ್ಷದಿಂದ ಅಪ್ಪನೂ ನಾನೂ ಮುಚ್ಚಿಟ್ಟಿದ್ದೇವೆ ಅಂದುಕೊಂಡಿದ್ದೆವು.

“ಮತ್ತ ನೀ ಏನೂ ಅನ್ನಲಿಲ್ಲಲ್ಲವ್ವಾ?”

“ಏನ ಅನ್ಲಿ? ಏನಾರ ಆದ್ರೂ ಮನಿಗಂತೂ ಕರ್ಕೊಂಡ ಬರ್ತಾರ ಅಂತ ಗೊತ್ತಾತಲ್ಲ. ಆಮ್ಯಾಲೆ ಮಡಚಿ ಅಲ್ಲೇ ಇಟ್ನಿ.” ಸ್ವಲ್ಪ ಹೊತ್ತು ಸುಮ್ಮನಿದ್ದು, “ಊಟ ಆತೇನು?” ಅಂದರು.

ಆತು ಅಂದೆ. ಆಗಿರಲಿಲ್ಲ.